ಸೆಲ್ ಕೊಳ್ಳುವ ಮುನ್ನ ಸ್ವಲ್ಪ ಲೆಕ್ಕ ಹಾಕಿ

ನಿಮ್ಮ ಮನೆಯಲ್ಲಿ ಒಟ್ಟು ಎಷ್ಟು ಸೆಲ್‌ಗಳಿವೆ ಅಂತ ಎಂದಾದರೂ ಎಣಿಸಿದ್ದೀರಾ? ಟಿವಿ ರಿಮೋಟಿನಲ್ಲಿ ಎರಡು, ಸೆಟ್‌ಟಾಪ್ ಬಾಕ್ಸ್ ರಿಮೋಟಿನಲ್ಲಿ ಎರಡು, ಹಾಲ್‌ನ ಗಡಿಯಾರಕ್ಕೆ ಒಂದು, ಅಡುಗೆಮನೆ ಗಡಿಯಾರಕ್ಕೆ ಇನ್ನೊಂದು, ಗ್ಯಾಸ್ ಗೀಸರ್‌ಗೆ ಎರಡು ದಪ್ಪ ಸೆಲ್, ಮಾವನವರ ಬಿಪಿ ನೋಡುವ ಯಂತ್ರಕ್ಕೆ ನಾಲ್ಕು, ಮಗನ ಆಟದ ಕಾರಿಗೆ ನಾಲ್ಕು, ಆ ಕಾರಿನ ರಿಮೋಟಿಗೆ ಮತ್ತೆರಡು, ಟಾರ್ಚಿಗೆ ಎರಡು... ಥರ್ಮಾಮೀಟರು, ಕಂಪ್ಯೂಟರ್ ಮೌಸು ಎಲ್ಲ ಸೇರಿದರೆ ಇಪ್ಪತ್ತು ದಾಟಿಯೇ ದಾಟುತ್ತದೆ.

ಆದರೆ ಈ ಸೆಲ್‌ಗಳ ಖರ್ಚು ನಮ್ಮ ತಿಂಗಳ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಹಾಲು, ತರಕಾರಿ, ಗ್ಯಾಸು, ಕರೆಂಟು ಎಲ್ಲದಕ್ಕೂ ಲೆಕ್ಕ ಇಡುತ್ತೇವೆ. "ಅಮ್ಮಾ, ಕಾರು ಓಡ್ತಿಲ್ಲ, ಸೆಲ್ ಖಾಲಿ" ಅಂದಾಗ ಮಾತ್ರ ಸಾಮಾನಿನ ದುಡ್ಡಿನ ಚಿಲ್ಲರೆ ಕೊಟ್ಟು ಬೀದಿ ತುದಿ ಅಂಗಡಿಗೆ ಓಡಿಸುತ್ತೇವೆ. ಅಂಗಡಿಯವನು ಯಾವುದು ಕೊಟ್ಟರೆ ಅದೇ ಸೆಲ್. ಹದಿನೈದು ದಿನಕ್ಕೆ ಮತ್ತೆ ಅದೇ ಮಾತು, ಅದೇ ಚಿಲ್ಲರೆ.

ಇನ್ನು ಕೆಲವು ಮನೆಗಳಲ್ಲಿ ಇದರ ತದ್ವಿರುದ್ಧ. ಯಜಮಾನರು ಒಂದು ದಿನ ಉತ್ಸಾಹದಿಂದ ಚಾರ್ಜರ್ ಸಮೇತ ರೀಚಾರ್ಜಬಲ್ ಸೆಲ್ ತಂದು, "ಇನ್ನು ಮೇಲೆ ಸೆಲ್ ಕೊಳ್ಳೋದೇ ಬೇಡ" ಅಂತ ಗಡಿಯಾರದಿಂದ ಹಿಡಿದು ಟಾರ್ಚಿನವರೆಗೆ ಎಲ್ಲದಕ್ಕೂ ಅದನ್ನೇ ತುಂಬುತ್ತಾರೆ. ಒಂದು ದಿನ ಗಡಿಯಾರ ನಿಲ್ಲುತ್ತದೆ, ಟಾರ್ಚು ಬೇಕಾದ ಹೊತ್ತಿಗೆ ಕೈಕೊಡುತ್ತದೆ. "ಇದೆಲ್ಲ ಸುಮ್ಮನೆ ದುಡ್ಡು ದಂಡ" ಅಂತ ಚಾರ್ಜರ್ ಅಟ್ಟ ಸೇರುತ್ತದೆ!

ನನ್ನ ಅಭಿಪ್ರಾಯ ಕೇಳಿದರೆ ಎರಡೂ ಸರಿಯಲ್ಲ. ಯಾವ ಸೆಲ್ ಒಳ್ಳೆಯದು ಅಂತ ಕೇಳುವುದಕ್ಕಿಂತ, ಯಾವ ವಸ್ತು ಎಷ್ಟು ತಿನ್ನುತ್ತದೆ ಅಂತ ಕೇಳಬೇಕು. ಇದು ಎಲೆಕ್ಟ್ರಾನಿಕ್ಸ್ ವಿದ್ಯೆಯೂ ಅಲ್ಲ, ಗಂಡಸರ ಇಲಾಖೆಯೂ ಅಲ್ಲ. ಮನೆಯಲ್ಲಿ ಯಾವುದು ದಿನಾ ಬಳಕೆ, ಯಾವುದು ಅಪರೂಪ ಅಂತ ಗೊತ್ತಿರುವವರು ಮಾಡಬೇಕಾದ ಲೆಕ್ಕ. ಅದು ನಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ತಟ್ಟೆ ಊಟ, ಎಲೆ ಊಟ

ದಿನಾ ಊಟಕ್ಕೆ ಸ್ಟೀಲ್ ತಟ್ಟೆ ಇಟ್ಟುಕೊಳ್ಳುತ್ತೇವೆ. ಕೊಳ್ಳುವಾಗ ದುಬಾರಿ, ತೊಳೆಯುವ ಕೆಲಸವೂ ಇದೆ, ಆದರೆ ವರ್ಷಗಟ್ಟಲೆ ಬಾಳುತ್ತದೆ. ಹಬ್ಬಕ್ಕೆ, ಮದುವೆಗೆ ಎಲೆ ಹಾಕುತ್ತೇವೆ. ದಿನಾ ಮೂರು ಹೊತ್ತು ಎಲೆ ಕೊಂಡರೆ ದುಡ್ಡು ಉಳಿಯಲ್ಲ. ವರ್ಷಕ್ಕೊಂದು ಸಲ ಬರುವ ನೂರು ಜನಕ್ಕೆ ಅಂತ ನೂರು ಸ್ಟೀಲ್ ತಟ್ಟೆ ಕೊಳ್ಳುವುದೂ ಜಾಣತನ ಅಲ್ಲ.

ಸೆಲ್ಲಿನದೂ ಅಷ್ಟೇ. ಪದೇ ಪದೇ ಖಾಲಿ ಮಾಡುವ ವಸ್ತುಗಳಿಗೆ ರೀಚಾರ್ಜಬಲ್. ವರ್ಷಕ್ಕೊಮ್ಮೆ ಬದಲಿಸುವ ವಸ್ತುಗಳಿಗೆ ಬಿಸಾಡುವ ಸೆಲ್. ಈ ಒಂದು ಮಾತು ನೆನಪಿದ್ದರೆ ಮುಕ್ಕಾಲು ಪಾಲು ಗೊಂದಲ ಮುಗಿದ ಹಾಗೆ.

ಅಂಗಡಿಯಲ್ಲಿ ಸಿಗುವುದು ಯಾವುದು?

ನೋಡಲು ಎಲ್ಲವೂ ಒಂದೇ ತರ. ಒಳಗಿರುವುದು ಬೇರೆ ಬೇರೆ.

ಮೊದಲನೆಯದು ಮಾಮೂಲಿ ಅಗ್ಗದ ಸೆಲ್, ಅಂದರೆ ಸತು-ಇಂಗಾಲದ ಸೆಲ್. ಅದರ ಒಳಗಿನ ಡಬ್ಬಿಯೇ ಸತುವಿನದು. ಸೆಲ್ ಕೆಲಸ ಮಾಡಿದಷ್ಟೂ ಆ ಸತು ಕರಗುತ್ತದೆ, ಡಬ್ಬಿ ತೆಳ್ಳಗಾಗುತ್ತದೆ. ಖಾಲಿಯಾದ ಸೆಲ್ಲನ್ನು ಹಾಗೇ ಬಿಟ್ಟರೆ ಸೋರುವುದು ಇದಕ್ಕೇ. ನಿಧಾನವಾಗಿ ಸ್ವಲ್ಪ ಸ್ವಲ್ಪ ಕೇಳುವ ವಸ್ತುವಿಗೆ ಇದು ಚೆನ್ನಾಗಿಯೇ ಕೊಡುತ್ತದೆ. ಆಟದ ಕಾರಿನ ಮೋಟಾರಿನಂತೆ ಒಂದೇ ಸಲ ಜಾಸ್ತಿ ಕೇಳಿದರೆ ಮಾತ್ರ ಏದುಸಿರು ಬಿಡುತ್ತದೆ. ಒಳಗೆ ಇನ್ನೂ ಸತ್ವ ಇದ್ದರೂ ಹೊರಗೆ ಕೊಡಲಾಗುವುದಿಲ್ಲ. ಕಾರಿನಲ್ಲಿ ಸತ್ತ ಸೆಲ್ಲನ್ನು ರಿಮೋಟಿಗೆ ಹಾಕಿದರೆ ಇನ್ನೂ ಸ್ವಲ್ಪ ದಿನ ನಡೆಯುತ್ತದಲ್ಲ, ಅದರ ಗುಟ್ಟು ಇದೇ.

ಎರಡನೆಯದು ಆಲ್ಕಲೈನ್. ಬೆಲೆ ಮಾಮೂಲಿ ಸೆಲ್ಲಿನ ಎರಡರಷ್ಟು ಅಥವಾ ಇನ್ನೂ ಜಾಸ್ತಿ, ಆದರೆ ಜಾಸ್ತಿ ಕೇಳುವ ವಸ್ತುಗಳಲ್ಲಿ ಹಲವು ಪಟ್ಟು ಹೆಚ್ಚು ಬಾಳುತ್ತದೆ. ಬಳಸದೆ ಇಟ್ಟರೂ ವರ್ಷಗಟ್ಟಲೆ ಕೆಡುವುದಿಲ್ಲ. ಪ್ಯಾಕೆಟ್ ಮೇಲೆ ಯಾವ ವರ್ಷದವರೆಗೆ ಅಂತ ಹಾಕಿರುತ್ತಾರೆ, ನೋಡಿ ಕೊಳ್ಳಿ. ಇವೆರಡೂ 1.5 ವೋಲ್ಟಿನವು, ಎರಡೂ ಬಿಸಾಡುವಂಥವು.

ಮೂರನೆಯದು ರೀಚಾರ್ಜಬಲ್. ಈಗ ಹೆಚ್ಚಾಗಿ ಸಿಗುವುದು ನಿಕ್ಕಲ್ ಮೆಟಲ್ ಹೈಡ್ರೈಡ್. ಇದರ ಮೇಲೆ 1.2 ವೋಲ್ಟ್ ಅಂತ ಬರೆದಿರುತ್ತದೆ. "ಕಡಿಮೆ ವೋಲ್ಟು, ಕೆಲಸ ಮಾಡುತ್ತಾ?" ಅಂತ ಅನುಮಾನ ಬರುವುದು ಸಹಜ. ಬಿಸಾಡುವ ಸೆಲ್ 1.5ರಿಂದ ಶುರುವಾದರೂ ಬಳಸುತ್ತಾ ಹೋದಂತೆ ಇಳಿಯುತ್ತದೆ. ಇದು ಮಾತ್ರ ಖಾಲಿಯಾಗುವ ಹೊತ್ತಿನವರೆಗೂ ಹೆಚ್ಚುಕಡಿಮೆ 1.2ರಲ್ಲೇ ನಿಲ್ಲುತ್ತದೆ. ಹಾಗಾಗಿ ಆಟಿಕೆ, ರೇಡಿಯೊ, ಟಾರ್ಚು, ಮೌಸುಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇತ್ತೀಚೆಗೆ 1.5 ವೋಲ್ಟಿನ ಲಿಥಿಯಂ ರೀಚಾರ್ಜಬಲ್ ಸೆಲ್ಲೂ ಬಂದಿದೆ. ಕೆಲವಕ್ಕೆ ಮೊಬೈಲ್ ಚಾರ್ಜರಿನ ವೈರನ್ನೇ ಚುಚ್ಚಬಹುದು. ಇವು ಕೊನೆಯವರೆಗೂ ಚೆನ್ನಾಗಿ ನಡೆದು ಥಟ್ಟಂತ ನಿಲ್ಲುತ್ತವೆ, ಮುನ್ಸೂಚನೆ ಇರುವುದಿಲ್ಲ. ಅದೇ ಗಾತ್ರದಲ್ಲಿ 3.7 ವೋಲ್ಟಿನ ಲಿಥಿಯಂ ಸೆಲ್ಲೂ ಸಿಗುತ್ತದೆ. ಅದನ್ನು ಮಾಮೂಲಿ ಸೆಲ್ ಹಾಕುವ ಜಾಗಕ್ಕೆ ಹಾಕಲೇಬೇಡಿ, ವಸ್ತು ಸುಟ್ಟುಹೋದೀತು.

ದುಡ್ಡಿನ ಲೆಕ್ಕ

ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ ಇರುತ್ತದೆ, ನಿಮ್ಮೂರಿನ ಬೆಲೆ ಹಾಕಿಕೊಂಡು ಲೆಕ್ಕ ಮಾಡಿ. ಉದಾಹರಣೆಗೆ ಮಾಮೂಲಿ ಪೆನ್ಸಿಲ್ ಸೆಲ್ ಒಂದಕ್ಕೆ 18 ರೂಪಾಯಿ, ರೀಚಾರ್ಜಬಲ್ ಒಂದಕ್ಕೆ 200, ಚಾರ್ಜರ್‌ಗೆ 800 ಅಂತ ಇಟ್ಟುಕೊಳ್ಳೋಣ.

ಮಗನ ಕಾರಿಗೆ ನಾಲ್ಕು ಸೆಲ್, ತಿಂಗಳಿಗೆ ಎರಡು ಸಲ ಬದಲಾವಣೆ. ಒಂದು ಸಲಕ್ಕೆ 72 ರೂಪಾಯಿ. ವರ್ಷಕ್ಕೆ 24 ಸಲ ಅಂದರೆ 1,728 ರೂಪಾಯಿ! ಒಟ್ಟು 96 ಸತ್ತ ಸೆಲ್ ಕಸಕ್ಕೆ. ಅದೇ ನಾಲ್ಕು ರೀಚಾರ್ಜಬಲ್ ಸೆಲ್ ಮತ್ತು ಚಾರ್ಜರ್ ಸೇರಿ 1,600 ರೂಪಾಯಿ. ಮೊದಲ ವರ್ಷವೇ ಹಾಕಿದ ದುಡ್ಡು ವಾಪಸ್ಸು. ಎರಡನೇ ವರ್ಷದಿಂದ ಕರೆಂಟಿನ ಖರ್ಚು ಮಾತ್ರ.

"ಕರೆಂಟ್ ಬಿಲ್ ಬರಲ್ವಾ?" ಅಂತ ಕೇಳುವವರಿದ್ದಾರೆ. ಅದನ್ನೂ ನೋಡೋಣ. 2000 ಎಂಎಎಚ್‌ನ ನಾಲ್ಕು ಸೆಲ್ ತುಂಬಲು, ಚಾರ್ಜರಿನಲ್ಲಿ ಬಿಸಿಯಾಗಿ ಪೋಲಾಗುವುದನ್ನೂ ಸೇರಿಸಿದರೆ, ಸುಮಾರು 20 ವ್ಯಾಟ್-ಅವರ್ ಬೇಕು. ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್. ಅಂದರೆ ಒಂದು ಯೂನಿಟ್ ಕರೆಂಟಿನಲ್ಲಿ ಐವತ್ತು ಸಲ ಚಾರ್ಜ್ ಮಾಡಬಹುದು. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಒಂದು ಸಲಕ್ಕೆ 14 ಪೈಸೆ. ವರ್ಷಕ್ಕೆ ನಾಲ್ಕು ರೂಪಾಯಿಯೂ ಆಗಲ್ಲ!

ಈಗ ಗೋಡೆ ಗಡಿಯಾರದ ಲೆಕ್ಕ. ವರ್ಷಕ್ಕೆ ಒಂದು ಸೆಲ್, 18 ರೂಪಾಯಿ. ಅದಕ್ಕೆ 200 ರೂಪಾಯಿಯ ಸೆಲ್ ಹಾಕಿದರೆ ದುಡ್ಡು ವಾಪಸ್ ಬರಲು ಹನ್ನೊಂದು ವರ್ಷ ಬೇಕು. ಅಷ್ಟರಲ್ಲಿ ಆ ಸೆಲ್ಲಿಗೇ ವಯಸ್ಸಾಗಿರುತ್ತದೆ. ಗಡಿಯಾರಕ್ಕೆ ರೀಚಾರ್ಜಬಲ್ ಹಾಕಿ ಉಳಿತಾಯ ಮಾಡಿದೆ ಅನ್ನುವವರು ಉಳಿಸಿದ್ದು ಏನೂ ಇಲ್ಲ.

ಎಲ್ಲಿ ಬಿಸಾಡುವ ಸೆಲ್ಲೇ ಸರಿ?

ಗಡಿಯಾರ, ಟಿವಿ ಮತ್ತು ಎಸಿ ರಿಮೋಟು, ಥರ್ಮಾಮೀಟರು, ಅಡುಗೆಮನೆಯ ಸಣ್ಣ ತೂಕದ ಯಂತ್ರ ಇವೆಲ್ಲ ಗುಟುಕು ಗುಟುಕಾಗಿ ಕುಡಿಯುವಂಥವು. ಇವಕ್ಕೆ ಮಾಮೂಲಿ ಸೆಲ್ ಸಾಕು. ಒಂದೇ ಷರತ್ತು: ಇನ್ನೂ ನಡೆಯುತ್ತಿದೆಯಲ್ಲ ಅಂತ ಎರಡು ಮೂರು ವರ್ಷ ಹಾಗೇ ಬಿಡಬೇಡಿ. 18 ರೂಪಾಯಿ ಉಳಿಸಲು ಹೋಗಿ ಸೋರಿದ ಸೆಲ್ಲಿನಿಂದ ರಿಮೋಟೇ ಹಾಳಾಗುತ್ತದೆ. ಯುಗಾದಿಗೆ ಮನೆ ಗುಡಿಸಿ ಸಾರಿಸುವಾಗ ಗಡಿಯಾರ, ರಿಮೋಟುಗಳ ಸೆಲ್ಲನ್ನೂ ಬದಲಿಸುವ ರೂಢಿ ಇಟ್ಟುಕೊಂಡರೆ ಮರೆಯುವುದಿಲ್ಲ.

ರಿಮೋಟ್ ಕೆಲಸ ಮಾಡದಿದ್ದಾಗ ಸೆಲ್ ತೆಗೆದು ಉಜ್ಜುವುದು, ಹಲ್ಲಿನಲ್ಲಿ ಕಚ್ಚುವುದು, ಬಿಸಿಲಿಗಿಡುವುದು ನಮ್ಮ ಮನೆಗಳಲ್ಲಿ ಹಳೇ ವೈದ್ಯ! ಬಿಸಿಲಿನ ಕಾವಿಗೆ ಅಳಿದುಳಿದ ಸತ್ವ ಸ್ವಲ್ಪ ಹೊತ್ತು ಚುರುಕಾಗುವುದು ನಿಜ. ಆದರೆ ಅದು ಹೊಸದಾಗಿ ತುಂಬಿಕೊಳ್ಳುವುದಲ್ಲ, ಬದಲಿಗೆ ಸೋರುವ ಭಯ ಹೆಚ್ಚುತ್ತದೆ. ಕಚ್ಚುವುದಂತೂ ಬೇಡವೇ ಬೇಡ. ಫ್ರಿಜ್‌ನಲ್ಲಿಡುವುದರಿಂದಲೂ ಲಾಭವಿಲ್ಲ, ಹೊರಗೆ ತೆಗೆದಾಗ ತೇವ ಕೂತು ಕಿಲುಬು ಹಿಡಿಯುತ್ತದೆ.

ಗ್ಯಾಸ್ ಗೀಸರ್‌ನ ಎರಡು ದಪ್ಪ ಸೆಲ್‌ಗಳು ಕಿಡಿ ಹಾರಿಸಲು ಬೇಕಾದವು. ಎರಡು ಮಾಮೂಲಿ ಸೆಲ್ ಸೇರಿದರೆ 3 ವೋಲ್ಟ್, ರೀಚಾರ್ಜಬಲ್ ಆದರೆ 2.4 ಮಾತ್ರ. ಚಳಿಗಾಲದ ಬೆಳಗ್ಗೆ ಸ್ಕೂಲಿಗೆ ಹೊತ್ತಾಗುತ್ತಿರುವಾಗ ಗೀಸರ್ ಟಕಟಕ ಅನ್ನುತ್ತಾ ಹೊತ್ತಿಕೊಳ್ಳದಿದ್ದರೆ ಹೇಗಿರುತ್ತದೆ? ಇದಕ್ಕೆ ಬಿಸಾಡುವ ಸೆಲ್ಲೇ ಸರಿ, ಸಾಧ್ಯವಾದರೆ ಆಲ್ಕಲೈನ್. ಬಚ್ಚಲಿನ ತೇವಕ್ಕೆ ಸೆಲ್ ಕೂರುವ ಜಾಗ ಬೇಗ ಕಿಲುಬು ಹಿಡಿಯುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ತೆರೆದು ನೋಡಿ.

ಕರೆಂಟ್ ಹೋದಾಗಿನ ಟಾರ್ಚು ಇನ್ನೊಂದು. ಮಲೆನಾಡು, ಕರಾವಳಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಕತ್ತಲೆ. ಕರೆಂಟೇ ಇಲ್ಲದ ದಿನ ಚಾರ್ಜರ್ ಏನು ಮಾಡೀತು? ದಿನಾ ಬಳಸುವ ಟಾರ್ಚಿಗೆ ರೀಚಾರ್ಜಬಲ್ ಇರಲಿ, ಆಪತ್ತಿಗೆ ಅಂತ ಒಂದು ಪ್ಯಾಕೆಟ್ ಆಲ್ಕಲೈನ್ ಸೆಲ್ ಒಡೆಯದೆ ಡ್ರಾಯರಿನಲ್ಲಿರಲಿ. ಟಾರ್ಚಿನೊಳಗೆ ತುಂಬಿಡಬೇಡಿ, ಪಕ್ಕದಲ್ಲಿಡಿ.

ಇನ್ನು ಹಿರಿಯರ ವಸ್ತುಗಳು. ಬಿಪಿ ಯಂತ್ರ, ಸಕ್ಕರೆ ನೋಡುವ ಯಂತ್ರಗಳ ವಿಷಯದಲ್ಲಿ ಉಳಿತಾಯದ ಮಾತು ಬೇಡ. ಅದರ ಜೊತೆ ಬಂದ ಪುಸ್ತಕದಲ್ಲಿ ಯಾವ ಸೆಲ್ ಅಂತ ಹೇಳಿದೆಯೋ ಅದನ್ನೇ ಹಾಕಿ. ಬಹುಪಾಲು ಬಿಪಿ ಯಂತ್ರಗಳಿಗೆ ಆಲ್ಕಲೈನ್ ಅಂತಲೇ ಇರುತ್ತದೆ. ಕಿವಿ ಯಂತ್ರದ ಪುಟ್ಟ ಸೆಲ್ ಗಾಳಿಯಿಂದ ಕೆಲಸ ಮಾಡುವ ಸತುವಿನ ಸೆಲ್. ಅದರ ಮೇಲಿನ ಬಣ್ಣದ ಸ್ಟಿಕ್ಕರ್ ಕಿತ್ತ ಕೂಡಲೇ ಗಾಳಿ ಒಳಗೆ ಹೋಗಿ ಅದು ಶುರುವಾಗಿಬಿಡುತ್ತದೆ. ಮತ್ತೆ ಸ್ಟಿಕ್ಕರ್ ಅಂಟಿಸಿದರೂ ಉಳಿಯುವುದಿಲ್ಲ. ಬೇಕಾದಾಗಲೇ ಕೀಳಿ, ಕಿತ್ತ ಮೇಲೆ ಐದು ನಿಮಿಷ ಬಿಟ್ಟು ಹಾಕಿ. ಸ್ಟಿಕ್ಕರಿನ ಬಣ್ಣವೇ ಅಳತೆಯ ಗುರುತು: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಬಣ್ಣ ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ತಡಕಾಡಬೇಕಿಲ್ಲ. ಕೈ ನಡುಗುವ ಹಿರಿಯರಿಗೆ ಇಷ್ಟು ಚಿಕ್ಕ ಸೆಲ್ ಬದಲಿಸುವುದೇ ದೊಡ್ಡ ಕಷ್ಟ. ಹೊಸ ಕಿವಿ ಯಂತ್ರ ಕೊಳ್ಳುವುದಿದ್ದರೆ ರಾತ್ರಿ ಡಬ್ಬಿಯಲ್ಲಿಟ್ಟು ಚಾರ್ಜ್ ಮಾಡುವಂಥದ್ದನ್ನು ಕೇಳಿ ನೋಡಿ. ಇಲ್ಲಿ ರೀಚಾರ್ಜಬಲ್ ಪರವಾಗಿ ನಾನು ಓಟು ಹಾಕುವುದು ದುಡ್ಡಿಗಲ್ಲ, ಅವರ ಸ್ವಾವಲಂಬನೆಗೆ.

ರೀಚಾರ್ಜಬಲ್ ಕೊಳ್ಳುವಾಗ

ಎಂಎಎಚ್ ಅಂತ ಒಂದು ಸಂಖ್ಯೆ ಬರೆದಿರುತ್ತದೆ. ಎಷ್ಟು ತುಂಬುತ್ತದೆ ಅನ್ನುವುದರ ಅಳತೆ ಅದು. ಪೆನ್ಸಿಲ್ ಸೆಲ್ಲಿಗೆ 2000ದಿಂದ 2500, ರಿಮೋಟಿನ ಸಣ್ಣ ಸೆಲ್ಲಿಗೆ 800ರಿಂದ 1000 ಇದ್ದರೆ ನಂಬುವ ಮಾತು. ಅಗ್ಗದ ಸೆಲ್ ಮೇಲೆ 4000 ಅಂತ ಬರೆದಿದ್ದರೆ ಅಲ್ಲೇ ವಾಪಸ್ ಇಟ್ಟುಬಿಡಿ.

ಹಿಂದಿನ ರೀಚಾರ್ಜಬಲ್ ಸೆಲ್‌ಗಳಿಗೆ ಒಂದು ಕೆಟ್ಟ ಗುಣವಿತ್ತು. ಬಳಸದೆ ಸುಮ್ಮನೆ ಇಟ್ಟರೂ ತಿಂಗಳೆರಡು ತಿಂಗಳಲ್ಲಿ ಅರ್ಧ ಖಾಲಿಯಾಗುತ್ತಿದ್ದವು. 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ಎನೆಲೂಪ್ ಹೆಸರಿನಲ್ಲಿ ನಿಧಾನವಾಗಿ ಸೋರಿಹೋಗುವ ಸೆಲ್ ತಂದ ಮೇಲೆ ಕಾಲ ಬದಲಾಯಿತು. ಈಗ ಬೇರೆ ಕಂಪನಿಗಳದ್ದೂ ಇವೆ. ಪ್ಯಾಕೆಟ್ ಮೇಲೆ 'ಲೋ ಸೆಲ್ಫ್ ಡಿಸ್ಚಾರ್ಜ್' ಅಥವಾ 'ರೆಡಿ ಟು ಯೂಸ್' ಅಂತ ಇದೆಯೇ ನೋಡಿ. ಇಂಥವು ಒಂದು ವರ್ಷ ಇಟ್ಟರೂ ಮುಕ್ಕಾಲು ಭಾಗದ ಆಸುಪಾಸು ಉಳಿದಿರುತ್ತದೆ. ಹತ್ತಿಪ್ಪತ್ತು ವರ್ಷದ ಹಿಂದೆ ರೀಚಾರ್ಜಬಲ್ ಕೊಂಡು ಬೇಸತ್ತವರು ಇನ್ನೊಮ್ಮೆ ಯೋಚಿಸಬಹುದು ಅನ್ನುವುದು ಇದಕ್ಕೇ.

"ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಹಾಕಬೇಕು" ಅನ್ನುವ ಮಾತು ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಸೆಲ್ ಕಾಲದ್ದು. ಈಗಿನ ಸೆಲ್ಲಿಗೆ ಅದು ಬೇಕಿಲ್ಲ. ಆಟಿಕೆ ನಿಧಾನವಾಗುತ್ತಿದ್ದಂತೆ ತೆಗೆದು ಚಾರ್ಜ್‌ಗೆ ಹಾಕಿ. ಪೂರಾ ಸತ್ತು ನಿಲ್ಲುವವರೆಗೆ ಓಡಿಸುವುದೇ ಅದಕ್ಕೆ ಕೆಡುಕು.

ಚಾರ್ಜರಿಗೆ ಜಿಪುಣತನ ಮಾಡಬೇಡಿ. ಒಂದೊಂದು ಸೆಲ್ಲಿಗೂ ಬೇರೆ ಬೇರೆ ದೀಪ ಇದ್ದು, ತುಂಬಿದ ಮೇಲೆ ತಾನೇ ನಿಲ್ಲಿಸುವ ಚಾರ್ಜರ್ ಕೊಳ್ಳಿ. ತೀರಾ ಅಗ್ಗದವು ತುಂಬಿದ ಮೇಲೂ ಕರೆಂಟ್ ನುಗ್ಗಿಸುತ್ತಲೇ ಇರುತ್ತವೆ, ಸೆಲ್ಲಿನ ಆಯಸ್ಸು ಕಡಿಮೆಯಾಗುತ್ತದೆ. ಚಾರ್ಜ್ ಆಗುವಾಗ ಸೆಲ್ ಬೆಚ್ಚಗಾದರೆ ಸರಿ, ಮುಟ್ಟಲಾಗದಷ್ಟು ಬಿಸಿಯಾದರೆ ಪ್ಲಗ್ ತೆಗೆಯಿರಿ. ಮಾಮೂಲಿ ಸೆಲ್ಲನ್ನು ಯಾವ ಕಾರಣಕ್ಕೂ ಈ ಚಾರ್ಜರಿಗೆ ಹಾಕಬಾರದು. ಅದು ಸೋರಬಹುದು, ಸಿಡಿಯಲೂಬಹುದು.

ಚಾರ್ಜ್ ಮಾಡೋದು ಯಾರು?

ರೀಚಾರ್ಜಬಲ್ ಸೆಲ್ ಅನೇಕ ಮನೆಗಳಲ್ಲಿ ಸೋಲುವುದು ಸೆಲ್ ಕೆಟ್ಟದ್ದು ಅಂತ ಅಲ್ಲ, ಚಾರ್ಜಿಗೆ ಹಾಕುವ ಕೆಲಸ ಕೊನೆಗೆ ಅಮ್ಮನ ತಲೆಗೇ ಬರುತ್ತದೆ ಅಂತ. ಕುಕ್ಕರ್ ಕೂಗುತ್ತಿರುವಾಗ, ಬಟ್ಟೆ ಒಣಗಿಸುವಾಗ, "ಅಮ್ಮಾ ಸೆಲ್ ಚಾರ್ಜ್ ಮಾಡಿದ್ಯಾ?" ಬೇಸರ ಬಂದು "ಹೋಗೋ, ಅಂಗಡೀಲಿ ತಗೊಂಬಾ" ಅಂತ ದುಡ್ಡು ಕೊಟ್ಟುಬಿಡುತ್ತೇವೆ. ತಪ್ಪು ನಮ್ಮದಲ್ಲ. ಆಡುವವರು ಒಬ್ಬರು, ದುಡಿಯುವವರು ಇನ್ನೊಬ್ಬರು ಅನ್ನುವುದೇ ತಪ್ಪು.

ಹತ್ತು ವರ್ಷ ದಾಟಿದ ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ಆಟ ಬೇಕಾದವರೇ ಸೆಲ್ ತೆಗೆದು ಚಾರ್ಜಿಗಿಡಲಿ. ಚಿಕ್ಕವರಿದ್ದರೆ ಅಪ್ಪನ ಪಾಲಿಗೆ ಇರಲಿ, ಮೊಬೈಲ್ ಚಾರ್ಜಿಗೆ ಹಾಕುವಾಗ ಇದನ್ನೂ ಹಾಕಿದರೆ ಕೈ ಸವೆಯುವುದಿಲ್ಲ. ಎರಡು ಪ್ಲಾಸ್ಟಿಕ್ ಡಬ್ಬಿ ಮಾಡಿ: ಒಂದರಲ್ಲಿ ತುಂಬಿದ ಸೆಲ್, ಇನ್ನೊಂದರಲ್ಲಿ ಖಾಲಿ ಸೆಲ್. ಸ್ಟೀಲ್ ಡಬ್ಬಿ ಬೇಡ, ಲೋಹ ತಗುಲಿ ಎರಡು ತುದಿಗೂ ಸಂಪರ್ಕವಾದರೆ ಸೆಲ್ ಬಿಸಿಯಾಗುತ್ತದೆ.

ಒಟ್ಟಿಗೆ ಕೊಂಡ ನಾಲ್ಕು ಸೆಲ್ಲಿಗೆ ಒಂದೇ ಬಣ್ಣದ ನೇಲ್ ಪಾಲಿಶ್ ಚುಕ್ಕೆ ಇಡಿ. ಆ ನಾಲ್ಕು ಯಾವಾಗಲೂ ಜೊತೆಯಾಗೇ ಇರಲಿ. ಹೊಸದೂ ಹಳೆಯದೂ ಬೆರೆಸಿದರೆ ಬಲವಿದ್ದ ಸೆಲ್ ಬಲವಿಲ್ಲದ್ದನ್ನು ತುಳಿಯುತ್ತದೆ, ಅದು ಸೋರಿ ಆಟಿಕೆಯೂ ಕೆಡುತ್ತದೆ. ಈ ಮಾತು ಬಿಸಾಡುವ ಸೆಲ್ಲಿಗೂ ಅನ್ವಯಿಸುತ್ತದೆ.

ಬಟನ್ ಸೆಲ್: ಇಲ್ಲಿ ಲೆಕ್ಕ ದುಡ್ಡಿನದಲ್ಲ

ಇಷ್ಟು ಹೊತ್ತು ಪೈಸೆ ಪೈಸೆ ಲೆಕ್ಕ ಹಾಕಿದೆವು. ಆದರೆ ಒಂದು ಸೆಲ್ ಮಾತ್ರ ಬೇರೆಯೇ ಲೆಕ್ಕ ಕೇಳುತ್ತದೆ. ಅದು ನಾಣ್ಯದ ಹಾಗೆ ಹೊಳೆಯುವ ಬಟನ್ ಸೆಲ್. ಹಾಡುವ ಶುಭಾಶಯ ಪತ್ರ, ಮಿನುಗುವ ಆಟಿಕೆ, ಕಾರಿನ ಕೀ, ಕೆಲವು ರಿಮೋಟು, ದೀಪಾವಳಿಗೆ ಮತ್ತು ದಸರಾ ಗೊಂಬೆಗಳ ಮುಂದೆ ಇಡುವ ಪುಟ್ಟ ಎಲ್‌ಇಡಿ ಹಣತೆ, ಎಲ್ಲದರಲ್ಲೂ ಇದೆ.

ಇವುಗಳಲ್ಲಿ ತೀರಾ ಅಪಾಯದ್ದು ಸಿಆರ್ 2032 ಅನ್ನುವ 3 ವೋಲ್ಟಿನ ಲಿಥಿಯಂ ಸೆಲ್. ಅಗಲ 20 ಮಿಲಿಮೀಟರ್. ಚಿಕ್ಕ ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಸರಿಯಾದ ಅಳತೆ. ಅಲ್ಲಿನ ತೇವದಲ್ಲಿ ಕರೆಂಟ್ ಹರಿದು ಸುಡುವಂಥ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಯೊಳಗೇ ತೀವ್ರವಾದ ಸುಟ್ಟ ಗಾಯ ಆಗಬಹುದು, ಪ್ರಾಣವೇ ಹೋಗಬಹುದು. "ಸೆಲ್ ಸತ್ತಿತ್ತು, ಏನಾಗಲ್ಲ" ಅಂದುಕೊಳ್ಳಬೇಡಿ. ಆಟಿಕೆ ನಡೆಸಲಾಗದ ಸೆಲ್ಲಿನಲ್ಲೂ ಗಂಟಲು ಸುಡುವಷ್ಟು ಶಕ್ತಿ ಉಳಿದಿರುತ್ತದೆ.

ಮಗು ನುಂಗಿದ್ದನ್ನು ಅನೇಕ ಸಲ ಯಾರೂ ನೋಡಿರುವುದಿಲ್ಲ. ಜೊಲ್ಲು ಸುರಿಯುವುದು, ಊಟ ಬೇಡ ಅನ್ನುವುದು, ಕೆಮ್ಮು, ವಾಂತಿ, ಎದೆ ನೋವು ಅಂದರೆ ಎಲ್ಲ ಜ್ವರ ನೆಗಡಿಯ ತರವೇ ಕಾಣುತ್ತದೆ. ಅನುಮಾನ ಬಂದರೂ ಸಾಕು, ಎಕ್ಸ್‌ರೇ ಇರುವ ಆಸ್ಪತ್ರೆಗೆ ಕೂಡಲೇ ಹೊರಡಿ, ಬೇಕಾದರೆ 108ಕ್ಕೆ ಫೋನ್ ಮಾಡಿ. ಸೆಲ್ ನುಂಗಿರಬಹುದು ಅಂತ ಡಾಕ್ಟರಿಗೆ ಮೊದಲೇ ಹೇಳಿ. ವಾಂತಿ ಮಾಡಿಸಬೇಡಿ, ಬಾಳೆಹಣ್ಣು, ಅನ್ನ ಕೊಟ್ಟು ಇಳಿಸಲು ನೋಡಬೇಡಿ. ಒಂದು ವರ್ಷ ದಾಟಿದ ಮಗುವಾಗಿದ್ದು, ನುಂಗಿ 12 ಗಂಟೆ ಆಗಿಲ್ಲದಿದ್ದರೆ, ನುಂಗಲು ಶಕ್ತಿಯಿದ್ದರೆ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲಕ್ಕಿಂತ ಹೆಚ್ಚು ಬೇಡ. ಜೇನು ಸೆಲ್ಲಿನ ಮೇಲೆ ಲೇಪವಾಗಿ ಸುಡುವಿಕೆಯನ್ನು ತಡಮಾಡುತ್ತದೆ. ಆದರೆ ಇದು ದಾರಿಯಲ್ಲಿ ಮಾಡುವ ಕೆಲಸ, ಜೇನು ಹುಡುಕುತ್ತಾ ಮನೆಯಲ್ಲಿ ಹೊತ್ತು ಕಳೆಯಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೇಡ. ಮೂಗಿಗೆ, ಕಿವಿಗೆ ತುರುಕಿಕೊಂಡರೂ ಇಷ್ಟೇ ಅವಸರ.

ಹಿರಿಯರೂ ಎಚ್ಚರವಾಗಿರಬೇಕು. ಕಿವಿ ಯಂತ್ರದ ಸೆಲ್ ಮಾತ್ರೆಯ ಹಾಗೇ ಕಾಣುತ್ತದೆ. ಮಾತ್ರೆ ಡಬ್ಬಿಯ ಹತ್ತಿರ ಅದನ್ನಿಡಬೇಡಿ.

ಅಮೆರಿಕದಲ್ಲಿ 2022ರಲ್ಲಿ ರೀಸ್ ಎಂಬ ಪುಟ್ಟ ಮಗುವಿನ ಸಾವಿನ ನಂತರ ಅವಳ ಹೆಸರಿನಲ್ಲೇ ಕಾನೂನು ಬಂತು. ಬಟನ್ ಸೆಲ್ ಇರುವ ವಸ್ತುಗಳ ಮುಚ್ಚಳ ಮಕ್ಕಳ ಕೈಗೆ ಸುಲಭವಾಗಿ ತೆರೆಯಬಾರದು ಅಂತ. ನಮ್ಮ ಜಾತ್ರೆಯ ಆಟಿಕೆಗಳಿಗೆ ಯಾವ ಸ್ಕ್ರೂ, ಯಾವ ಮುಚ್ಚಳ? ಉಗುರಿನಲ್ಲಿ ಒತ್ತಿದರೆ ಸೆಲ್ ಕೈಗೆ ಬರುತ್ತದೆ. ಆರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸ್ಕ್ರೂ ಇಲ್ಲದ ಬಟನ್ ಸೆಲ್ ಆಟಿಕೆ ಬೇಡವೇ ಬೇಡ ಅನ್ನುವುದು ನನ್ನ ಖಡಾಖಂಡಿತ ಮಾತು. ಎಷ್ಟೇ ಅಗ್ಗವಾಗಿರಲಿ, ಯಾರೇ ಉಡುಗೊರೆ ಕೊಟ್ಟಿರಲಿ. ಪೆನ್ಸಿಲ್ ಸೆಲ್ ಹಾಕುವ, ಮುಚ್ಚಳಕ್ಕೆ ಸ್ಕ್ರೂ ಇರುವ ಆಟಿಕೆ ಕೊಳ್ಳಿ.

ಸತ್ತ ಸೆಲ್ ಎಲ್ಲಿಗೆ?

ಒಣ ಕಸಕ್ಕೋ, ಹಸಿ ಕಸಕ್ಕೋ? ಎರಡಕ್ಕೂ ಅಲ್ಲ. ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ತಂದಿತು. 2001ರ ಹಳೇ ನಿಯಮ ವಾಹನ, ಯುಪಿಎಸ್‌ಗಳ ಸೀಸದ ಬ್ಯಾಟರಿಗೆ ಮಾತ್ರ ಇತ್ತು, ಹೊಸದು ನಮ್ಮ ರಿಮೋಟಿನ ಸೆಲ್ಲಿಗೂ ಅನ್ವಯಿಸುತ್ತದೆ. ಸೆಲ್ ಮೇಲೆ ಕಸದ ಡಬ್ಬಿಗೆ ಅಡ್ಡಗೆರೆ ಎಳೆದ ಚಿತ್ರ ನೋಡಿದ್ದೀರಾ? ಮನೆ ಕಸದ ಜೊತೆ ಹಾಕಬೇಡಿ ಅಂತ ಅದರ ಅರ್ಥ. ಹಳೇ ಸೆಲ್ ವಾಪಸ್ ಸೇರುವಂತೆ ನೋಡಿಕೊಳ್ಳುವ ಹೊಣೆ ತಯಾರಕರದು, ಬೇರೆ ಕಸದ ಜೊತೆ ಬೆರೆಸದೆ ಕೊಡುವ ಹೊಣೆ ನಮ್ಮದು.

ನಿಯಮ ಚೆನ್ನಾಗಿದೆ, ಆದರೆ ಬೀದಿ ತುದಿಯ ಅಂಗಡಿಯಲ್ಲಿ ಹಳೇ ಸೆಲ್ ಹಾಕುವ ಡಬ್ಬಿ ಎಲ್ಲಿದೆ? ನಾವು ಕೇಳದೆ ಯಾರೂ ಇಡುವುದಿಲ್ಲ. ಹಾಲಿನ ಕವರ್, ಪೇಪರ್ ಕೂಡಿಡುವ ನಮಗೆ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ಸೆಲ್ ಕೂಡಿಡುವುದು ಕಷ್ಟವಲ್ಲ. ಬಟನ್ ಸೆಲ್ಲಿನ ಎರಡೂ ಬದಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬಾಟಲಿ ತುಂಬಿದ ಮೇಲೆ ಅಪಾರ್ಟ್‌ಮೆಂಟ್ ಅಥವಾ ಬಡಾವಣೆಯ ಇ-ತ್ಯಾಜ್ಯ ಸಂಗ್ರಹದ ದಿನ ಕೊಡಿ, ಇಲ್ಲವೇ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಸಂಸ್ಥೆಗೆ ತಲುಪಿಸಿ. ಬಡಾವಣೆಯ ಮಹಿಳಾ ಸಂಘದಿಂದ ಒಂದು ಡಬ್ಬಿ ಇಡಿಸಿದರೆ ಇನ್ನೂ ಒಳ್ಳೆಯದು. ನೀರು ಕಾಯಿಸುವ ಒಲೆಗಂತೂ ಎಸೆಯಲೇಬೇಡಿ, ಸಿಡಿಯುತ್ತದೆ. ಬೆಳಗ್ಗೆ ಬಂದು ಬರಿಗೈಯಲ್ಲಿ ನಮ್ಮ ಕಸ ಬೇರ್ಪಡಿಸುವವರೂ ಒಬ್ಬ ತಾಯಿಯೇ, ಸೋರಿದ ಸೆಲ್ ಅವರ ಕೈಗೆ ಸಿಗಬಾರದು.

ರೀಚಾರ್ಜಬಲ್ ಪರವಾಗಿ ನನ್ನ ದೊಡ್ಡ ವಾದವೂ ಇದೇ. ದುಡ್ಡು ಉಳಿಯುವುದು ನಮ್ಮೊಬ್ಬರ ಲಾಭ. ವರ್ಷಕ್ಕೆ 96 ಸೆಲ್ ಕಸಕ್ಕೆ ಹೋಗದಿರುವುದು ಊರಿನ ಲಾಭ. ಹಾಗಂತ ಎಲ್ಲಕ್ಕೂ ರೀಚಾರ್ಜಬಲ್ ತುಂಬಬೇಕಿಲ್ಲ. ನಾಲ್ಕು ಒಳ್ಳೆಯ ಸೆಲ್, ಒಂದು ಒಳ್ಳೆಯ ಚಾರ್ಜರ್‌ನಿಂದ ಶುರು ಮಾಡಿ, ಅತಿ ಹೆಚ್ಚು ತಿನ್ನುವ ಒಂದು ವಸ್ತುವಿಗೆ ಮೊದಲು ಹಾಕಿ ನೋಡಿ.

ಇಷ್ಟು ನೆನಪಿರಲಿ

* ತಿಂಗಳಿಗೊಮ್ಮೆಯಾದರೂ ಸೆಲ್ ಬದಲಿಸುವ ವಸ್ತುವಿಗೆ ರೀಚಾರ್ಜಬಲ್. ವರ್ಷಕ್ಕೊಮ್ಮೆ ಬದಲಿಸುವುದಕ್ಕೆ ಬಿಸಾಡುವ ಸೆಲ್.

* ಗ್ಯಾಸ್ ಗೀಸರ್, ಬಿಪಿ ಯಂತ್ರ, ಆಪತ್ತಿನ ಟಾರ್ಚಿಗೆ ಆಲ್ಕಲೈನ್.

* ಹಳೆಯದು-ಹೊಸದು, ಮಾಮೂಲಿ-ಆಲ್ಕಲೈನ್ ಬೆರೆಸಬೇಡಿ.

* ಊರಿಗೆ ಹೋಗುವಾಗ, ಆಟಿಕೆ ಎತ್ತಿಡುವಾಗ ಸೆಲ್ ತೆಗೆದಿಡಿ.

* ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕೂತಿದ್ದರೆ ಕೈಗವಸು ಹಾಕಿ, ಹತ್ತಿಗೆ ಸ್ವಲ್ಪ ವಿನೆಗರ್ ಅಥವಾ ನಿಂಬೆರಸ ಅದ್ದಿ ಒರೆಸಿ. ಒದ್ದೆ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ.

* ಚಾರ್ಜ್ ಮಾಡುವ ಸೊಳ್ಳೆ ಬ್ಯಾಟು, ಎಮರ್ಜೆನ್ಸಿ ಲೈಟು ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದರೆ ಒಳಗಿನ ಬ್ಯಾಟರಿ ಕೆಡುತ್ತದೆ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

* ಬಟನ್ ಸೆಲ್ ಮಕ್ಕಳ ಕಣ್ಣಿಗೂ ಬೀಳದಂತೆ ಇಡಿ. ನುಂಗಿದ ಅನುಮಾನ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.